ಒಂದು ದಿನದ ಜ್ವಾಲಾಮುಖಿ ಪ್ರವಾಸ: ಬಳಸುವ ವಿಧಾನ

ಈ ಉತ್ಪನ್ನವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ನೀವು ಆರಿಸಿಕೊಂಡದ್ದು ಇದನ್ನಲ್ಲ, ಸಿಸಿಲಿ ದ್ವೀಪವನ್ನು ಎಂಬುದು ಕಂಪನಿಗೆ ಗೊತ್ತಿದೆ. ಷಡ್ಡಕರ ಮಗ ಇಟಲಿಗೆ ಹೋಗಿ ವಾಟ್ಸಾಪ್ ಸ್ಟೇಟಸ್ ಹಾಕಿದ್ದಾನೆ. ಬೆಳಿಗ್ಗೆ ತಾವೊರ್ಮಿನಾ ಎಂಬ ಗುಡ್ಡದ ಊರು, ಮಧ್ಯಾಹ್ನ ಹೊಗೆಯಾಡುವ ಎಟ್ನಾ ಪರ್ವತ, ಸಂಜೆಗೆ ಬ್ರೊಂತೆ ಎಂಬಲ್ಲಿನ ಪಿಸ್ತಾ. ಎಲ್ಲ ಒಂದೇ ದಿನ, ಎಲ್ಲದರಲ್ಲೂ ಕಪ್ಪು ಕನ್ನಡಕ. ಅದನ್ನು ನೋಡಿದ ರಾತ್ರಿ ನಿಮಗೆ ನಿದ್ದೆ ಬಂದಿಲ್ಲ. ಪಾಸ್‌ಪೋರ್ಟ್ ಹುಡುಕಿದಿರಿ, ಅದು ಗೋದ್ರೆಜ್ ಬೀರುವಿನಲ್ಲಿ, ಅವಧಿ ಮುಗಿದು, ರೇಷ್ಮೆ ಸೀರೆಯ ಕೆಳಗೆ ಸಿಕ್ಕಿತು. ಆದ್ದರಿಂದ ಗುಡ್ಡದ ಊರು, ಜ್ವಾಲಾಮುಖಿ ಮತ್ತು ಊಟ ಈ ಮೂರನ್ನೂ ದಾವಣಗೆರೆ ಜಿಲ್ಲೆಯೊಳಗೇ ಒದಗಿಸುವ ಈ ಮಾದರಿಯನ್ನು ತಯಾರಿಸಲಾಗಿದೆ. ವೀಸಾ ಬೇಕಿಲ್ಲ. ಪಂಕ್ಚರ್ ಹಾಕುವವನ ನಂಬರ್ ಇದ್ದರೆ ಒಳ್ಳೆಯದು.

ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆ ತೆರೆದು ನಾಲ್ಕು ತಾಲ್ಲೂಕುಗಳಿವೆಯೇ ಎಂದು ಎಣಿಸಿಕೊಳ್ಳಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಇವು ಒಂದೇ ಕಾರ್ಖಾನೆಯ ಮಾಲಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯ ಹೊಟ್ಟೆಯಿಂದ ಈಚೆಗೆ ಹುಟ್ಟಿದ ಕೂಸು. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾಗಿ ಇವನ್ನು ಜೋಡಿಸಿ ಸ್ಕ್ರೂ ಬಿಗಿದವರು ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲ್, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಹರಪನಹಳ್ಳಿ ಎಂಬ ಬಿಡಿಭಾಗವೂ ಮೊದಲು ಈ ಪೆಟ್ಟಿಗೆಯಲ್ಲಿತ್ತು. ಅದು 2018ರಲ್ಲಿ ಬಳ್ಳಾರಿಗೆ ವಾಪಸಾಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹುಡುಕಿ ಸಮಯ ಹಾಳುಮಾಡಬೇಡಿ.

ಬೇರೆ ಬೇರೆ ಕಡೆಯ ಮಾಲಾದ್ದರಿಂದ ಹವೆಯೂ ಒಂದೇ ಅಲ್ಲ. ನ್ಯಾಮತಿ ತುದಿಯಲ್ಲಿ ಮಲೆನಾಡಿನ ಗಾಳಿ ಬೀಸುತ್ತದೆ; ಜಗಳೂರು ತುದಿಯಲ್ಲಿ ಜನ ಮೋಡವನ್ನು ಸಂಶಯದಿಂದ ನೋಡುತ್ತಾರೆ. ಛತ್ರಿ, ಟೋಪಿ ಎರಡೂ ಇರಲಿ.

ಎಚ್ಚರಿಕೆ: ಮೊದಲು ಇದನ್ನು ಓದಿ

ನಾಲ್ಕೂ ತಾಲ್ಲೂಕನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆ ಎಂದು ಹೆಂಡತಿ ಮಕ್ಕಳ ಎದುರು ಘೋಷಿಸಬೇಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಒಂದು ಕಡೆಗಿವೆ. ಜಗಳೂರು ದಾವಣಗೆರೆಯ ಆಚೆ ಮಗ್ಗುಲಿಗೆ, ಇವರ್ಯಾರ ಪರಿಚಯವೂ ಇಲ್ಲದ ಹಾಗೆ ಕೂತಿದೆ. ನಕ್ಷೆಯಲ್ಲಿ ಬೆರಳಿಟ್ಟು ಎಳೆದರೆ ಹತ್ತಿರ ಕಾಣುತ್ತದೆ. ಬೆರಳಿಗೆ ಭತ್ತದ ಟ್ರ್ಯಾಕ್ಟರ್ ಅಡ್ಡ ಬರುವುದಿಲ್ಲ.

ಕುದುರೆ ಸವಾರಿಗೆ ಆಸೆಪಡುವವರಿಗೆ ವಿಶೇಷ ಎಚ್ಚರಿಕೆ. ಛತ್ರಪತಿ ಶಿವಾಜಿಯ ತಂದೆ ಶಹಾಜಿ ಭೋಂಸ್ಲೆ 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ಅಲ್ಲೇ ಇದೆ. ಬೆಂಗಳೂರು ಸೀಮೆಯನ್ನೇ ಜಹಗೀರಾಗಿ ಆಳಿದ ಮನುಷ್ಯ, ಮರಾಠಾ ರಾಜ್ಯ ಕಟ್ಟಿದವನ ತಂದೆ, ನಮ್ಮ ಅಡಿಕೆ ತೋಟಗಳ ನಡುವೆ ಮಲಗಿದ್ದಾನೆ. ಐದು ನಿಮಿಷ ನಿಂತು ಹೋದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಚಾಲೂ ಮಾಡುವ ವಿಧಾನ

ಬೆಳಗಿನ ಜಾವ ದಾವಣಗೆರೆಯಿಂದ ಹೊರಡಿ. ಮೊದಲ ನಿಲುಗಡೆ ಸಂತೆಬೆನ್ನೂರು. ಇಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ, ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರ್ ಖಾನಾ. ನಾಯಕನೂ ಖಾನನೂ ಒಬ್ಬರನ್ನೊಬ್ಬರು ಪ್ರೀತಿಸಿದವರಲ್ಲ. ಆದರೂ ಅವರ ಕಟ್ಟಡಗಳು ಅಕ್ಕಪಕ್ಕ ನಿಂತು ಒಂದೇ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಿವೆ. ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡಿ. ಬಿಸಿಲೇರಿದ ಮೇಲೆ ಕಲ್ಲು ಕಾಯುತ್ತದೆ, ಕೂರಲಾಗುವುದಿಲ್ಲ. ಈ ಜಿಲ್ಲೆಯಲ್ಲಿ ಒಂದನ್ನೇ ನೋಡಲು ಪುರಸೊತ್ತಿದೆ ಎನ್ನುವವರಿಗೆ ನನ್ನ ಓಟು ಸಂತೆಬೆನ್ನೂರಿಗೆ.

ಎರಡನೇ ಹಂತದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಅಳವಡಿಸಬೇಕು. ಅದಕ್ಕೆ ಬದಲಿ ಭಾಗವಾಗಿ ಸೂಳೆಕೆರೆಯನ್ನು ಕೊಡಲಾಗಿದೆ, ದಾಖಲೆಗಳಲ್ಲಿ ಶಾಂತಿಸಾಗರ. ಶಾಂತವ್ವೆ ಎಂಬ ರಾಜಕುಮಾರಿ ಕಟ್ಟಿಸಿದಳು ಎಂಬುದು ಜನಪದರ ಕಥೆ. ನೀರು ನಿಲ್ಲುವ ಜಾಗ 6,500 ಎಕರೆ ಮೀರುತ್ತದೆ. ಹರಿದ್ರಾ ಹಳ್ಳ ಗುಡ್ಡಗಳ ಇಕ್ಕಟ್ಟಿನಲ್ಲಿ ನುಗ್ಗುವ ಕಡೆಯೇ ಗುರುತಿಸಿ ಏರಿ ಹಾಕಿದ್ದಾರೆ. ಏರಿ ಉದ್ದ ತೀರ ಕಡಿಮೆ, ಅಗಲ ಮತ್ತು ಗಟ್ಟಿತನ ವಿಪರೀತ. ಇಷ್ಟು ಚಿಕ್ಕ ಏರಿಗೆ ಅಷ್ಟು ದೊಡ್ಡ ನೀರು ಹೇಗೆ ಬಗ್ಗಿ ನಿಂತಿದೆ ಎಂದು ಇಂಜಿನಿಯರಿಂಗ್ ಓದಿದ ಮಗನನ್ನು ಕೇಳಿ. ಅವನು ಮೊಬೈಲ್ ತೆಗೆಯುತ್ತಾನೆ. ಅಷ್ಟರಲ್ಲಿ ನೀವು ಬಸವ, ಸಿದ್ಧ ಎಂಬ ಹೆಸರಿನ ಎರಡು ತೂಬುಗಳನ್ನು ನೋಡಿಬನ್ನಿ. ಇದು ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ಊರವರು ಹೆಮ್ಮೆಯಿಂದ ಹೇಳುವರು. ಮೊದಲನೆಯದು ಯಾವುದು ಎಂದು ಕೇಳಬೇಡಿ. ಅಷ್ಟು ಸೌಜನ್ಯ ಪ್ರವಾಸಿಗನಿಗೆ ಇರಬೇಕು.

ಮೂರನೇ ಹಂತ ಗುಡ್ಡದ ಊರು. ಚನ್ನಗಿರಿಯ ಹೆಸರನ್ನು ಕೆಳದಿಯ ರಾಣಿ ಚನ್ನಮ್ಮನಿಗೆ ಜೋಡಿಸುತ್ತಾರೆ. ಊರ ನೆತ್ತಿಯ ಮೇಲೆ ಕೋಟೆ, ಕೋಟೆಯೊಳಗೆ ಬೆಟ್ಟದ ರಂಗನಾಥ. ತಾವೊರ್ಮಿನಾದಲ್ಲಿ ಗುಡ್ಡ ಹತ್ತಿದರೆ ಒಂದು ಲೋಟ ನಿಂಬೆ ಪಾನಕಕ್ಕೆ ಮನೆ ಬಾಡಿಗೆ ಕೇಳುತ್ತಾರೆ ಎಂದು ಹೋಗಿ ಬಂದವರು ಹೇಳುತ್ತಾರೆ. ಇಲ್ಲಿ ಹತ್ತಲು ಮೆಟ್ಟಿಲುಂಟು, ಪಾನಕವಿಲ್ಲ. ನೀರಿನ ಬಾಟಲಿ ನಿಮ್ಮದೇ. ಮೇಲಿನಿಂದ ನೋಡಿದರೆ ಊರಿನ ಸುತ್ತ ಕಣ್ಣು ಹಾಯುವವರೆಗೂ ಅಡಿಕೆಯೇ. ಎಟ್ನಾದ ಬೂದಿ ಮಣ್ಣಿನಲ್ಲಿ ಬ್ರೊಂತೆಯವರು ಪಿಸ್ತಾ ಬೆಳೆದು ಜಗತ್ತಿಗೆ ಮಾರಿದರು. ಭದ್ರಾ ನಾಲೆ ಮತ್ತು ಬೋರ್‌ವೆಲ್ ನೀರಿನಲ್ಲಿ ಚನ್ನಗಿರಿಯವರು ಅಡಿಕೆ ಬೆಳೆದು ಉತ್ತರ ಭಾರತದ ಬಾಯಿ ಕೆಂಪು ಮಾಡಿದರು. ಇಬ್ಬರಲ್ಲೂ ಮೊದಲ ಮಾತು ದರದ್ದೇ. ಚಹಾ ಅಂಗಡಿಯಲ್ಲಿ ಕೂತರೆ ನಿಮ್ಮ ಹೆಸರು ಕೇಳುವ ಮುಂಚೆ ಪಕ್ಕದವರು ಕೇಳುವುದು, "ರಾಶಿ ಎಷ್ಟಾತಂತ್ರೀ ಇವತ್ತು?" ರಾಶಿ, ಬೆಟ್ಟೆ, ಗೊರಬಲು, ಇವು ಅಡಿಕೆಯ ದರ್ಜೆ ವಿಂಗಡಣೆ. ಗೊತ್ತಿಲ್ಲದಿದ್ದರೆ ತಲೆ ಆಡಿಸಿ. "ಇಳಿದೈತಂತೆ" ಎಂದು ನಿಟ್ಟುಸಿರು ಬಿಟ್ಟರೆ ನೀವು ಆ ಊರಿನವರೇ ಆಗಿಬಿಡುತ್ತೀರಿ.

ಕೊಯ್ಲಿನ ಕಾಲದಲ್ಲಿ ಹೋದರೆ ಕೇಳಿಕೊಂಡು ಯಾವುದಾದರೂ ಕಣದ ಬಳಿ ನಿಲ್ಲಿ. ಹಸಿರು ಕಾಯಿ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಹಂಡೆಯಲ್ಲಿರುವುದು ಬರೀ ನೀರಲ್ಲ, ಹಿಂದಿನ ಅಡಿಕೆ ಬೇಯಿಸಿ ಉಳಿಸಿಟ್ಟ ಚೊಗರು. ಆ ಕಪ್ಪುಗೆಂಪು ಕಷಾಯವೇ ಹೊಸ ಅಡಿಕೆಗೆ ಬಣ್ಣ ಕೊಡುವುದು, ಹೊಳಪು ಕೊಡುವುದು, ದರ ಕೊಡುವುದು. ಜರಡಿಯಲ್ಲಿ ಎತ್ತಿ ಸುರಿದಾಗ ಆವಿಯ ಜತೆ ಒಗರು ವಾಸನೆ ಮೂಗಿಗೆ ಬಡಿಯುತ್ತದೆ. ಬಿಳಿ ಅಂಗಿ ಹಾಕಿಕೊಂಡು ಹತ್ತಿರ ಹೋಗಬೇಡಿ. ಚೊಗರಿನ ಕಲೆಗೆ ಯಾವ ಸೋಪಿನ ಜಾಹೀರಾತೂ ಉತ್ತರ ಕೊಡುವುದಿಲ್ಲ.

ಜ್ವಾಲಾಮುಖಿಯನ್ನು ಹುಡುಕುವುದು

ಈಗ ಮುಖ್ಯ ಭಾಗಕ್ಕೆ ಬರೋಣ. ಹೊನ್ನಾಳಿ ದಾರಿಯಲ್ಲಿ ಕಾರು ನಿಲ್ಲಿಸಿ ಯಾರನ್ನಾದರೂ "ಇಲ್ಲಿ ಜ್ವಾಲಾಮುಖಿ ಎಲ್ಲಿದೆ?" ಎಂದು ಕೇಳಿದರೆ ಸಿಗುವ ಉತ್ತರ ಇಂತಿದೆ: "ಅದೆಲ್ಲ ಇಲ್ಲ ಬಿಡ್ರಿ. ಬ್ಯಾಸಿಗಿ ಐತಿ, ನಡೀತೈತೇನು?" ಬೇಸರ ಬೇಡ. ನಿಮ್ಮ ಉತ್ಪನ್ನದಲ್ಲಿ ಜ್ವಾಲಾಮುಖಿ ಖಂಡಿತ ಇದೆ. ನೀವು ಬರುವುದು ಸ್ವಲ್ಪ ತಡವಾಗಿದೆ, ಅಷ್ಟೆ. ಸುಮಾರು 250 ಕೋಟಿ ವರ್ಷ.

ವಿವರ ಹೀಗೆ. ಈ ಸೀಮೆಯ ಬಹುಪಾಲು ನೆಲ ಧಾರವಾಡ ಶಿಲೆಗಳ ಸಮೂಹಕ್ಕೆ ಸೇರಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಬಯಲೆಲ್ಲ ತಿರುಗಿ ಆ ಹೆಸರಿಟ್ಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ನೆಲ ಶಿವಮೊಗ್ಗ ಶಿಲಾಪಟ್ಟಿಯ ಪಾಲಿನದು. ಜಗಳೂರಿನ ದಕ್ಷಿಣಕ್ಕೆ ಚಿತ್ರದುರ್ಗದ ಪಟ್ಟಿ. ಈ ಪಟ್ಟಿಗಳಲ್ಲಿ ಸಮುದ್ರದ ತಳದಲ್ಲಿ ಕುಳಿತ ಕೆಸರೂ ಇದೆ, ನೆಲದೊಳಗಿಂದ ಉಕ್ಕಿದ ಲಾವಾ ಕೂಡ ಇದೆ. ಆಮೇಲೆ ಭೂಮಿ ಇವನ್ನು ಮಡಚಿತು, ಒತ್ತಿತು, ಬೇಯಿಸಿತು. ಕಪ್ಪು ಲಾವಾದೊಳಗೆ ಕ್ಲೋರೈಟ್‌ನಂಥ ಹೊಸ ಖನಿಜಗಳು ಹುಟ್ಟಿ ಕಲ್ಲು ಹಸಿರಿಗೆ ತಿರುಗಿತು. ಹೊಲದ ಬದುವಿನಲ್ಲಿ ಒಡೆದು ಬಿದ್ದ, ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುವ ಹಸಿರು ಛಾಯೆಯ ಕಲ್ಲು ಸಿಕ್ಕರೆ ಕೈಗೆತ್ತಿಕೊಳ್ಳಿ. ಅದು ಎಟ್ನಾದ ಮುತ್ತಾತನ ಮುತ್ತಾತ ಇದ್ದೀತು. ಎಟ್ನಾದ ವಯಸ್ಸು ಕೆಲವು ಲಕ್ಷ ವರ್ಷಗಳದ್ದು, ಇದರ ಎದುರು ಅದು ತೊಟ್ಟಿಲು ಬಿಡದ ಮಗು. ಮಗುವಾದ್ದರಿಂದಲೇ ಅಷ್ಟು ಗಲಾಟೆ.

ಇಷ್ಟರಿಂದ ತೃಪ್ತಿಯಾಗದವರು, ಲಾವಾದ ಆಕಾರವನ್ನೇ ನೋಡಬೇಕು ಎನ್ನುವವರು, ಪ್ಯಾಕೇಜಿನ ಗಡಿ ದಾಟಿ ಚಿತ್ರದುರ್ಗದ ಆಚೆ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿನ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ಆ ಕ್ಷಣವೇ ತಣಿದು ಸಿಪ್ಪೆ ಕಟ್ಟುತ್ತದೆ. ಒಳಗಿನ ದ್ರವ ಆ ಸಿಪ್ಪೆಯನ್ನು ಉಬ್ಬಿಸಿ, ಎಲ್ಲೋ ಒಂದು ಕಡೆ ಸೀಳಿ ಹೊರಬಂದು, ಮತ್ತೊಂದು ಉಂಡೆ ಕಟ್ಟುತ್ತದೆ. ಒಂದರ ಮೇಲೊಂದು ಪೇರಿಸಿ ಕೂತ ಆ ಉಂಡೆಗಳು ಹೇಳುವುದಿಷ್ಟು: ಬರದ ನಾಡೆಂದು ಹೆಸರಾದ ಈ ಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು. ಜಗಳೂರಿನ ರೈತನಿಗೆ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ಮುಖ ನೋಡಿ ಹೇಳಿ.

ಜ್ವಾಲಾಮುಖಿಯಿಂದ ಬಂದ ಉಪ ಉತ್ಪನ್ನವೂ ಒಂದಿದೆ, ಚಿನ್ನ. ಆಳದಿಂದ ಮೇಲೇರಿದ ಬಿಸಿ ದ್ರವಗಳು ಈ ಹಳೆಯ ಲಾವಾದ ಬಿರುಕುಗಳಲ್ಲಿ ಹರಿದು ಬೆಣಚುಕಲ್ಲಿನ ಎಳೆಗಳನ್ನು ಬಿಟ್ಟುಹೋದವು, ಎಳೆಗಳ ಜತೆ ಒಂದಿಷ್ಟು ಚಿನ್ನವನ್ನೂ. ನ್ಯಾಮತಿ ಕಡೆಯ ಕುದುರೆಕೊಂಡ, ಪಾಲವನಹಳ್ಳಿಯಲ್ಲಿ ಬ್ರಿಟಿಷರ ಕಾಲದಲ್ಲಿ ಅಗೆದು ನೋಡಿದ್ದಾರೆ. ಕೋಲಾರದಂಥ ಭಾಗ್ಯ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ, ಕೆ.ಜಿ.ಎಫ್.ನ ಇಂದಿನ ಸೈನೈಡ್ ದಿಬ್ಬಗಳನ್ನು ನೋಡಿದವರು ಒಪ್ಪುತ್ತಾರೆ. ಸಲಿಕೆ, ಗುದ್ದಲಿ ಈ ಪೆಟ್ಟಿಗೆಯಲ್ಲಿಲ್ಲ. ನೀವಾಗಿ ತರಲೂಬೇಡಿ.

ಇಲ್ಲ, ಕಣ್ಣೆದುರು ಉರಿಯುವ ಜ್ವಾಲಾಮುಖಿಯೇ ಬೇಕು ಎಂದು ಹಟ ಹಿಡಿದವರಿಗೆ ಸಂಜೆ ನಾಲ್ಕರ ಮೇಲೆ ಯಾವ ಊರಿನ ಬಸ್‌ಸ್ಟ್ಯಾಂಡ್ ಬಳಿಯಾದರೂ ಒಂದು ಸಿಗುತ್ತದೆ. ಅದಕ್ಕೆ ಮಿರ್ಚಿ ಬಾಣಲೆ ಎನ್ನುತ್ತಾರೆ.

ಇಂಧನ ತುಂಬುವುದು

ದಾವಣಗೆರೆಯ ಬೆಣ್ಣೆದೋಸೆಯ ಬಗ್ಗೆ ಈ ಕೈಪಿಡಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಈಗಾಗಲೇ ಸಾಕಷ್ಟು ವಕೀಲರಿದ್ದಾರೆ, ಬೆಂಗಳೂರಿನಲ್ಲಂತೂ ಬೀದಿಗೊಬ್ಬರು. ತಾಲ್ಲೂಕುಗಳ ನಿಜವಾದ ಇಂಧನ ಮಂಡಕ್ಕಿ.

ಒಗ್ಗರಣೆ ಮಂಡಕ್ಕಿ ಮಾಡುವವನ ಕೈ ನೋಡುವುದೇ ಒಂದು ಪ್ರೇಕ್ಷಣೀಯ ಸ್ಥಳ. ಮಂಡಕ್ಕಿಯನ್ನು ಬಕೆಟ್ಟಿನ ನೀರಿಗೆ ಸುರಿದ ಮರುಗಳಿಗೆಯೇ ಎರಡೂ ಅಂಗೈಯಲ್ಲಿ ಎತ್ತಿ ಹಿಂಡುತ್ತಾನೆ. ತಡವಾದರೆ ಅಂಬಲಿ, ಬೇಗವಾದರೆ ನಾಲಗೆಗೆ ಚುಚ್ಚುತ್ತದೆ. ಅಷ್ಟರಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿದು, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ ಬಿದ್ದು, ಅರಿಶಿನ ಹಳದಿ ಏಳಿಸಿರುತ್ತದೆ. ಹಿಂಡಿದ ಮಂಡಕ್ಕಿ ಅದರೊಳಗೆ ಬಿದ್ದು ಹೊರಳಿದ ಮೇಲೆ ಹುರಿಗಡಲೆ ಹಿಟ್ಟು ಉದುರಿಸಿ ನಿಂಬೆ ಹಿಂಡುತ್ತಾನೆ. ಹಿಟ್ಟು ಉಳಿದ ಪಸೆಯನ್ನು ಹೀರಿಕೊಂಡು ಕಾಳುಕಾಳು ಬಿಡಿಸುತ್ತದೆ. ಪೇಪರಿನ ಮೇಲೆ ಒಂದು ಗುಡ್ಡೆ, ಪಕ್ಕದಲ್ಲಿ ಎರಡು ಮಿರ್ಚಿ. ಮಿರ್ಚಿಯ ಹೊಟ್ಟೆ ಸೀಳಿ ಉಪ್ಪು, ಓಮ ಸವರಿದ್ದರೆ ಅದು ಸರಿಯಾದ ಅಂಗಡಿ. ಬರೀ ಹಿಟ್ಟಿನಲ್ಲಿ ಅದ್ದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಬಾಯಿ ಉರಿದರೆ ನೀರು ಕುಡಿಯಬೇಡಿ, ಇನ್ನೊಂದು ಹಿಡಿ ಮಂಡಕ್ಕಿ ಹಾಕಿಕೊಳ್ಳಿ. ಇದು ಇಲ್ಲಿಯ ಅಗ್ನಿಶಾಮಕ ವ್ಯವಸ್ಥೆ.

ಮಧ್ಯಾಹ್ನದ ಊಟಕ್ಕೆ ಹೊನ್ನಾಳಿ ಸೂಕ್ತ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗಿ ಬರುವ ಹೊಳೆ ಈ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಒಂದೆಡೆ ಹಿರೇಕಲ್ಮಠ, ಇನ್ನೊಂದೆಡೆ ಎರಡನೇ ಮಂತ್ರಾಲಯವೆಂದು ಭಕ್ತರು ಕರೆಯುವ ರಾಘವೇಂದ್ರಸ್ವಾಮಿ ಮಠ. ಹೊಳೆ ಎರಡಕ್ಕೂ ಒಂದೇ. ತಟ್ಟೆಯಲ್ಲಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿ; ಆಮೇಲೆ ಅನ್ನಸಾರು. ರೊಟ್ಟಿಯೂ ಅನ್ನವೂ ಸಮಬಲದಿಂದ ಇರುವ ಗಡಿನಾಡಿದು. ಪಡುವಣಕ್ಕೆ ಹೋದಂತೆ ಅನ್ನ ಗೆಲ್ಲುತ್ತದೆ, ಮೂಡಣಕ್ಕೆ ಹೋದಂತೆ ಮುದ್ದೆ. ಮೀನು ತಿನ್ನುವವರು ಹೊಳೆ ಮೀನಿನ ಸಾರು ಎಲ್ಲಿ ಸಿಗುತ್ತದೆ ಎಂದು ಆಟೋದವರನ್ನು ಕೇಳಬೇಕು. ಅವರಿಗೆ ಗೊತ್ತಿಲ್ಲದ ಮೆನು ಇಲ್ಲ.

ಊಟವಾದ ಮೇಲೆ ನ್ಯಾಮತಿ. ಬೆಳಗುತ್ತಿ ಬಳಿ ಗುಡ್ಡದ ಮೇಲಿನ ತೀರ್ಥರಾಮೇಶ್ವರದಲ್ಲಿ ವರ್ಷವಿಡೀ ಬೀಳುವ ನೀರು ಕುಡಿದು, ಸೂರಗೊಂಡನಕೊಪ್ಪಕ್ಕೆ ಹೋಗಿ. ಬಂಜಾರರು ಭಾಯಾಗಡ್ ಎನ್ನುವ ಈ ಊರು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಜಾಗ. ಅವರ ಜಯಂತಿ ನಡೆಯುವ ಫೆಬ್ರುವರಿ ಮಧ್ಯದಲ್ಲಿ ಹೋದರೆ ಪ್ರವಾಸಿ ಎನ್ನುವ ಪ್ರಾಣಿ ನೀವೊಬ್ಬರೇ ಇರುತ್ತೀರಿ, ಉಳಿದವರೆಲ್ಲ ಮಾಲೆ ಹಾಕಿ ನಡೆದುಬಂದ ಭಕ್ತರು. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರಗಳ ತಾಂಡಾಗಳು ಇಲ್ಲಿ ಕಲೆಯುತ್ತವೆ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವನ್ನೇ ನಡೆದವರ ಮಕ್ಕಳು. ಸಿಸಿಲಿಯವರು ಸಂತರ ಜಾತ್ರೆಯ ಟಿಕೆಟ್ಟನ್ನು ಪ್ರವಾಸಿಗೆ ಮಾರುತ್ತಾರೋ ಏನೋ; ಇಲ್ಲಿ ಭೋಗ್ ಎಂಬ ಪೂಜೆ ಆದ ಮೇಲೆ ಕೈಗೆ ಸಿಹಿ ಹಾಕಿ ಮುಂದೆ ಹೋಗು ಎನ್ನುತ್ತಾರೆ.

ತೊಂದರೆಗಳು ಮತ್ತು ಪರಿಹಾರ

ನಾಮಫಲಕ ಕಾಣಿಸುತ್ತಿಲ್ಲ: ಸಹಜ. ಉತ್ಪನ್ನದ ದೋಷವಲ್ಲ, ಅದು ಉತ್ಪನ್ನದ ಸ್ವಭಾವ. ಕಿಟಕಿ ಇಳಿಸಿ, ಬಾಯಿ ತೆರೆದು ಕೇಳಿ. ಗೂಗಲ್ ಅಕ್ಕ ನಿಮ್ಮನ್ನು ತೋಟದ ಬೇಲಿಗೆ ತಂದು ನಿಲ್ಲಿಸಿ "ನೀವು ತಲುಪಿದ್ದೀರಿ" ಎಂದರೆ ನಂಬಬೇಡಿ.

ಎಲ್ಲ ಕಡೆ "ಇಲ್ಲೇ ಐತಿ, ಹತ್ರ" ಎನ್ನುತ್ತಾರೆ: ಮೂರರಿಂದ ಗುಣಿಸಿಕೊಳ್ಳಿ.

ಫೋಟೋದಲ್ಲಿ ಸಿಸಿಲಿಯ ಹಾಗೆ ಕಾಣುತ್ತಿಲ್ಲ: ಕಾಣುವುದಿಲ್ಲ. ಎರಡೂವರೆ ನೂರು ಕೋಟಿ ವರ್ಷದ ಕಲ್ಲನ್ನು ಹೊಗೆ ಬಿಡು ಎಂದು ಗೋಗರೆಯುವುದು ನಿವೃತ್ತ ಮೇಷ್ಟ್ರನ್ನು ಮತ್ತೆ ಪೀಟಿ ಪಿರಿಯಡ್ಡಿಗೆ ಕರೆದ ಹಾಗೆ. ಈ ಸೀಮೆ ನಿಮಗಾಗಿ ಪೋಸು ಕೊಟ್ಟು ಕೂತಿಲ್ಲ. ಅದು ಭತ್ತ ನಾಟಿ ಮಾಡುತ್ತಿದೆ, ಅಡಿಕೆ ಬೇಯಿಸುತ್ತಿದೆ, ಬಸ್ಸಿಗೆ ಕಾಯುತ್ತಿದೆ. ಅದರ ಕೆಲಸ ತಪ್ಪಿಸದೆ ಪಕ್ಕದಲ್ಲಿ ನಿಂತು ನೋಡುವವರಿಗೆ ಮಾತ್ರ ಈ ಮಾದರಿ ಹೊಂದುತ್ತದೆ. ಉಳಿದವರು ದುಡ್ಡು ಕೂಡಿಸಿ ಇಟಲಿಗೇ ಹೋಗುವುದು ಲೇಸು.

ಜಗಳೂರು ಉಳಿದುಹೋಯಿತು: ಉಳಿಯಲೇಬೇಕು, ಅದಕ್ಕೆ ಇನ್ನೊಂದು ದಿನ ಬೇಕು. ಅಲ್ಲಿ ಕೊಡದಗುಡ್ಡದ ವೀರಭದ್ರನಿದ್ದಾನೆ, ಕೊಣಚಗಲ್ ಗುಡ್ಡದ ರಂಗಪ್ಪನಿದ್ದಾನೆ, ಸಜ್ಜೆ ರೊಟ್ಟಿ, ನವಣೆ ಅನ್ನ, ಶೇಂಗಾ ಚಟ್ನಿ ಇವೆ. ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮ ಮಾಡಿದ್ದಾರೆ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ, ಹಿಂದಿನದು ಉದ್ದ. ಹೆಣ್ಣಿಗೆ ಒಂದೂ ಇಲ್ಲ. ನಾಚಿಕೆಯ ಪ್ರಾಣಿ, ಒಂಟಿಯಾಗಿ ತಿರುಗುತ್ತದೆ, ನೋಡಲು ಸಿಗುವುದೇ ಅಪರೂಪ. ತುಂಗಭದ್ರೆಯ ನೀರನ್ನು ಹರಿಹರದ ಬಳಿಯ ದೀಟೂರಿನಿಂದ ಎತ್ತಿ ಈ ಕಡೆಯ 57 ಕೆರೆ ತುಂಬಿಸುವ ಯೋಜನೆಗಾಗಿ ಇಲ್ಲಿಯ ಜನ ಎಷ್ಟೋ ವರ್ಷ ಕಾದರು. ಕೆರೆಗೆ ನೀರು ಬಂದ ದಿನ ಬಾಗಿನ ಬಿಟ್ಟವರ ಮುಖದ ಎದುರು ಯಾವ ಎಟ್ನಾವೂ ಸಪ್ಪೆ.

ಬಳಸಿದ ನಂತರ ವಿಲೇವಾರಿ

ಖಾತರಿ ಇಲ್ಲ, ಹಣ ವಾಪಸ್ ಇಲ್ಲ. ಕಲ್ಲು ಎತ್ತಿ ನೋಡಿದ್ದರೆ ಬದುವಿನಲ್ಲೇ ಇಡಿ. ಸಂತೆಬೆನ್ನೂರಿನ ಮಂಟಪದ ಮೇಲೆ ನಿಮ್ಮ ಹೆಸರು ಕೆತ್ತಬೇಡಿ; ಕಟ್ಟಿಸಿದ ನಾಯಕನೇ ತನ್ನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆಸಿಲ್ಲ. ಮಂಡಕ್ಕಿ ಕಟ್ಟಿಕೊಟ್ಟ ಪೇಪರು, ನೀರಿನ ಬಾಟಲಿ, ಗುಟ್ಕಾ ಚೀಟಿಯನ್ನು ಸೂಳೆಕೆರೆಯ ಏರಿಯ ಮೇಲೆ ಬಿಸಾಡದೆ ಮನೆಗೆ ತನ್ನಿ. ಆ ಕೆರೆಯ ನೀರನ್ನು ಚಿತ್ರದುರ್ಗದ ಜನ ಕುಡಿಯುತ್ತಾರೆ.